ಆರೋಗ್ಯ ಪ್ರಶ್ನೋತ್ತರ: ವಾಸನೆ ಬರುವ ನೀರು, ಕಲೆ ಬಿದ್ದ ಹಲ್ಲು

ಪ್ರಶ್ನೆ: ಡಾಕ್ಟರೇ, ನಮ್ಮದು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ. ಪಂಚಾಯಿತಿ ನಲ್ಲಿಯಲ್ಲಿ ಒಮ್ಮೊಮ್ಮೆ ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಬಡಿಯುತ್ತದೆ. ಮೊಮ್ಮಗಳಿಗೆ ಎಂಟು ವರ್ಷ, ಹೊಸ ಹಲ್ಲಿನ ಮೇಲೆಲ್ಲ ಕಂದು ಕಲೆ. ಪೌಡರ್ ಹಾಕಿದ್ದರಿಂದಲೇ ಹೀಗಾಯಿತೇ? ನೀರನ್ನು ಚೆನ್ನಾಗಿ ಕುದಿಸಿಯೇ ಕೊಡುತ್ತೇವೆ.

ಉತ್ತರ: ಅಮ್ಮಾ, ಪೌಡರ್ ಮೇಲೆ ಕೋಪ ಬೇಡ. ಮಗುವನ್ನು ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನಮ್ಮ ಜಿಲ್ಲೆಯಲ್ಲಿ ಇಂಥ ಕಲೆ ಕಂಡರೆ ನನಗೆ ಮೊದಲು ಬರುವ ಅನುಮಾನ ಫ್ಲೋರೈಡಿನದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಊರ ಹೆಸರಲ್ಲೇ ಸಮುದ್ರವಿದ್ದರೂ ನಾವು ಕುಡಿಯುವುದು ಸಾವಿರ ಅಡಿ ಕೊರೆದ ಬೋರ್‌ವೆಲ್ಲಿನ ನೀರು. ಕಗ್ಗಲ್ಲಿನ ಬಿರುಕಿನಲ್ಲಿ ಬಹುಕಾಲ ನಿಂತ ಆ ನೀರಿಗೆ ಕಲ್ಲಿನ ಫ್ಲೋರೈಡ್ ಇಳಿದಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ದಾಟದಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸೈರಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ಮಕ್ಕಳು ಕುಡಿಯುತ್ತ ಬೆಳೆದರೆ ದವಡೆಯೊಳಗೆ ರೂಪುಗೊಳ್ಳುತ್ತಿರುವ ಹಲ್ಲಿಗೇ ಪೆಟ್ಟು. ದೊಡ್ಡವರಿಗೆ ವರ್ಷಗಳ ಮೇಲೆ ಬೆನ್ನು, ಕತ್ತು ಬಿಗಿಯುತ್ತದೆ.

ಕುದಿಸುವುದರಿಂದ ವಾಂತಿ ಭೇದಿಯ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ! ಮಗುವಿಗೆ ಕುಡಿಯಲು, ಅನ್ನ ಸಾರು ಮಾಡಲು ಶುದ್ಧ ನೀರಿನ ಘಟಕದ ಆರ್‌ಒ ನೀರನ್ನೇ ತನ್ನಿ. ಫಿಲ್ಟರ್ ಹಳತಾದರೆ ಆ ನೀರೂ ನೆಚ್ಚಿಕೆಯದ್ದಲ್ಲ, ಹಾಗಾಗಿ ನಲ್ಲಿಯದು, ಘಟಕದ್ದು ಎರಡನ್ನೂ ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ಕಿಟ್ ಬಳಸಿ ನೀರು ಪರೀಕ್ಷಿಸಲು ಕಲಿಸಬೇಕೆಂದಿದೆ. ನಿಮ್ಮೂರಲ್ಲಿ ಅವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿ.

ಇನ್ನು ಆ ವಾಸನೆ. ನೀರುಗಂಟಿ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ, ಅಂದರೆ ಐವತ್ತು ಸಾವಿರ ಲೀಟರಿನ ಟ್ಯಾಂಕಿಗೆ 125 ಗ್ರಾಂ. ಒಂದು ಗಂಟೆ ಬಿಟ್ಟು ವಾಲ್ವ್ ತಿರುಗಿಸಬೇಕು. ಬಾಯಿ ತೆರೆದಿಟ್ಟ ಚೀಲದ ಪೌಡರ್ ಸತ್ವ ಕಳೆದುಕೊಂಡಿರುತ್ತದೆ. ಅಳತೆಯಿಲ್ಲದೆ ಒಂದು ದಿನ ಬೊಗಸೆಗಟ್ಟಲೆ, ಮರುದಿನ ಏನೂ ಇಲ್ಲ ಎಂಬಂತೆ ಹಾಕಿದರೆ ನಿಮ್ಮ ಮೂಗಿಗೆ ಗೊತ್ತಾಗಿಯೇ ಆಗುತ್ತದೆ.

ಬೆಂಗಳೂರಿನ ಕಾವೇರಿ ನೀರಿಗೂ ಕೊನೆಯ ಕಾವಲು ಕ್ಲೋರಿನ್ನೇ. ತೊರೆಕಾಡನಹಳ್ಳಿಯಲ್ಲಿ ಕೆಸರು ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಮೇಲೆ ಪಂಪು ಮಾಡುತ್ತಾರೆ. ನೀರು ಅಲ್ಲಿಗೇ ಶುದ್ಧವಾಯಿತಲ್ಲ, ಮತ್ತೇಕೆ ಕ್ಲೋರಿನ್ ಎಂದರೆ, ದಾರಿಗಾಗಿ. ಪೈಪಿನಲ್ಲಿ ನೀರು ನಿಂತಾಗ ಒಡಕಿನಿಂದ ಚರಂಡಿ ನೀರು ಒಳಕ್ಕೆ ಸೇರಿಕೊಳ್ಳುತ್ತದೆ. ಅದನ್ನು ಎದುರಿಸಲು ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೀರು ಜೋರಾಗಿ ಬರಲೆಂದು ನೆಲ ಬಗೆದು ಗುಂಡಿಯಲ್ಲಿ ನಲ್ಲಿ ಇಟ್ಟುಕೊಂಡವರನ್ನು ನಾನು ಪ್ರತಿ ಮಳೆಗಾಲ ಭೇದಿಯ ರೋಗಿಗಳಾಗಿ ನೋಡುತ್ತೇನೆ.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ತೋಟದ ಬೋರ್‌ವೆಲ್ ತುಂಬಿದೆ. ಕುಡಿಯಬಹುದೇ? — ಕೋಲಾರದ ಓದುಗರು

ಉತ್ತರ: ಪರೀಕ್ಷೆ ಆಗದೆ ಬೇಡ. 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿದ ನೀರು. ಅಂತರ್ಜಲ ಏರಿಸಲು ತಂದದ್ದು, ಲೋಟಕ್ಕೆ ತಂದದ್ದಲ್ಲ. ನೈಟ್ರೇಟ್ ಮತ್ತು ಸೂಕ್ಷ್ಮಜೀವಿ ಎರಡನ್ನೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ನೋಡಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಹಸುಗೂಸಿಗೆ ಹಾಲಿನಪುಡಿ ಕಲಸಲು ಆ ನೀರು ಖಂಡಿತ ಕೂಡದು.

ಪ್ರಶ್ನೆ: ಕಾಯಿನ್ ಹಾಕಿ ತಂದ ಕ್ಯಾನ್ ನೀರನ್ನು ಎಷ್ಟು ದಿನ ಇಡಬಹುದು? — ಮಾಲೂರಿನ ಗೃಹಿಣಿ

ಉತ್ತರ: ಒಂದೆರಡು ದಿನ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಒಮ್ಮೆ ಕೆಟ್ಟರೆ ಕಾಯುವವರಿಲ್ಲ. ಖಾಲಿ ಕ್ಯಾನಿನ ಕುತ್ತಿಗೆಯೊಳಗೆ ಬೆರಳು ಸವರಿ ನೋಡಿ. ಲೋಳೆ ಹತ್ತಿದರೆ ಬ್ರಷ್ ಹಾಕಿ ಸೋಪಿನಲ್ಲಿ ತಿಕ್ಕಿ, ಚೆನ್ನಾಗಿ ತೊಳೆದು ಬಿಸಿಲಿಗೆ ಕವುಚಿಡಿ. ಆಮೇಲೆ ತುಂಬಿಸಲು ಕಳಿಸಿ.