ಬೆಟ್ಟಕ್ಕೆ ಹೊರಡುವ ಮುಂಚೆ



ಕೊಡಚಾದ್ರಿ ಬೆಟ್ಟದ ಹೆಸರು ಕೇಳಿದ್ದೀರಾ? ಅದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿದೆ. ಎತ್ತರ 1343 ಮೀಟರ್. ಸುತ್ತಲೂ ದಟ್ಟ ಕಾಡು. ಮೇಲೆ ಹೋದಂತೆ ಹುಲ್ಲಿನ ಗುಡ್ಡ. ತುದಿಯಲ್ಲಿ ಕಲ್ಲಿನ ಚಿಕ್ಕ ಮಂಟಪ ಇದೆ. ಅದೇ ಸರ್ವಜ್ಞ ಪೀಠ. ಶಂಕರಾಚಾರ್ಯರು ಅಲ್ಲಿ ಧ್ಯಾನ ಮಾಡಿದರು ಎಂದು ಜನ ನಂಬುತ್ತಾರೆ. ಮೋಡ ಇಲ್ಲದ ದಿನ ಅಲ್ಲಿಂದ ಸಮುದ್ರ ಕಾಣುತ್ತದೆ.

ಜೀಪಿನಲ್ಲಿ ಬಹಳ ದೂರ ಹೋಗಬಹುದು. ಆದರೆ ನಮ್ಮ ಕಲಿಕೆಯ ಗುಂಪಿನವರಿಗೆ ನಡೆದೇ ಹತ್ತುವ ಆಸೆ. ನಾವು 12 ಜನ ಸೇರಿದೆವು. ಹಲಗೆಯ ಮೇಲೆ ಲೆಕ್ಕ ಬರೆಯಲು ಹೊರಟಾಗ ಒಬ್ಬ ಅಕ್ಕ ನಕ್ಕರು.

"ದಿನಾ ಸೌದೆಗೆ ಕಾಡು ಸುತ್ತೋರು ನಾವು. ಬೆಟ್ಟ ಹತ್ತೋಕೂ ಲೆಕ್ಕ ಬೇಕಾ ಟೀಚರ್?"

ಬೇಕು. ಯಾಕೆ ಅಂತ ಮುಂದೆ ಓದಿ.

ಮೊದಲು ಕೇಳಿ ತಿಳಿಯಿರಿ

ಈ ಬೆಟ್ಟ ಮೂಕಾಂಬಿಕಾ ವನ್ಯಜೀವಿ ಧಾಮಕ್ಕೆ ಸೇರಿದ್ದು. ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಬೇಕು. ದಾರಿ ತೆರೆದಿದೆಯೇ? ಅನುಮತಿ ಬೇಕೇ? ಶುಲ್ಕ ಎಷ್ಟು? ಮಳೆಗಾಲದಲ್ಲಿ ದಾರಿ ಜಾರುತ್ತದೆ. ಇಂಬಳಗಳ ಕಾಟವೂ ಹೆಚ್ಚು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ. ಆದ್ದರಿಂದ ನಾವು ಡಿಸೆಂಬರ್ ತಿಂಗಳು ಆರಿಸಿಕೊಂಡೆವು.

ಹೊತ್ತಿನ ಲೆಕ್ಕ

ನಾವು ಹಿಡಿದ ದಾರಿ ಸುಮಾರು 8 ಕಿಲೋಮೀಟರ್ ಎಂದು ದಾರಿ ಬಲ್ಲವರು ಹೇಳಿದರು. ಏರಿನಲ್ಲಿ ಗಂಟೆಗೆ 2 ಕಿಲೋಮೀಟರ್ ನಡೆಯಬಹುದು ಅಂದುಕೊಂಡೆವು.

ಹತ್ತಲು 4 ಗಂಟೆ.
ಊಟ, ವಿಶ್ರಾಂತಿಗೆ 1 ಗಂಟೆ.
ಇಳಿಯಲೂ 4 ಗಂಟೆ.
ಒಟ್ಟು 9 ಗಂಟೆ.

ಬೆಳಗ್ಗೆ 7ಕ್ಕೆ ಹೊರಟರೆ ಸಂಜೆ 4ಕ್ಕೆ ಕೆಳಗೆ ಬರಬೇಕು. ಡಿಸೆಂಬರಿನಲ್ಲಿ ಸುಮಾರು 6ಕ್ಕೆ ಹೊತ್ತು ಮುಳುಗುತ್ತದೆ. 2 ಗಂಟೆ ಕೈಯಲ್ಲಿ ಉಳಿಯಿತು. ತೊಂದರೆ ಬಂದರೆ ಅದೇ ಆಸರೆ.

ಒಂದು ಮಾತು ಎಲ್ಲರೂ ಒಪ್ಪಿದೆವು. ತುದಿ ಸಿಗಲಿ, ಬಿಡಲಿ, ಮಧ್ಯಾಹ್ನ 12ಕ್ಕೆ ತಿರುಗಬೇಕು. ಯಾರನ್ನೂ ಒಬ್ಬರೇ ಬಿಡಬಾರದು.

ಚೀಲದಲ್ಲಿ ಏನಿರಲಿ?

ಒಬ್ಬೊಬ್ಬರಿಗೆ 3 ಲೀಟರ್ ನೀರು. ರೊಟ್ಟಿ, ಅವಲಕ್ಕಿ, ಬೆಲ್ಲ, ಕಡಲೆಕಾಯಿ. ಗಾಯಕ್ಕೆ ಔಷಧಿ, ಬಟ್ಟೆಪಟ್ಟಿ. ಇಂಬಳ ಬಿಡಿಸಲು ಉಪ್ಪು. ಒಂದು ಟಾರ್ಚು. ಮುಟ್ಟಿನ ಬಟ್ಟೆ. ಕಾಲಿಗೆ ಜಾರದ ಚಪ್ಪಲಿ ಅಥವಾ ಬೂಟು. ತಿಂದ ಕಸ ತುಂಬಿ ತರಲು ಒಂದು ಖಾಲಿ ಚೀಲ. ಕಾಡಿನಲ್ಲಿ ಬೆಂಕಿ ಹಚ್ಚಲೇಬಾರದು.

ಮನೆಯಲ್ಲಿ ಬಿಟ್ಟ ಚೀಟಿ

ಕಾಡಿನಲ್ಲಿ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಸಿಗದು. ಅದಕ್ಕೇ ಪ್ರತಿಯೊಬ್ಬರೂ ತಮ್ಮ ಕೈಯಾರೆ ಒಂದು ಚೀಟಿ ಬರೆದು ಮನೆಯಲ್ಲಿಟ್ಟರು. ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು, ತಡವಾದರೆ ಯಾರಿಗೆ ತಿಳಿಸಬೇಕು, ಎಲ್ಲವೂ ಅದರಲ್ಲಿತ್ತು. ಆಂಬುಲೆನ್ಸಿನ 108, ಪೊಲೀಸರ 112 ಕೂಡ ಬರೆದರು.

ಆ ದಿನ ಆದದ್ದು

ಹೇಳಿದಂತೆ 7ಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ಒಬ್ಬ ಅಕ್ಕನಿಗೆ ಮಂಡಿ ನೋವು ಬಂತು. ಕೂತು ಕೂತು ಹತ್ತಿದೆವು. ಗಡಿಯಾರ ನೋಡಿದರೆ 12. ಕಾಡು ಮುಗಿದು ಹುಲ್ಲಿನ ಗುಡ್ಡ ಆಗಷ್ಟೇ ಸಿಕ್ಕಿತ್ತು. ತುದಿ ಇನ್ನೂ ಮೇಲಿತ್ತು.

"ಇನ್ನೊಂದು ಗಂಟೆ ಟೀಚರ್, ಮುಟ್ಟೇ ಬಿಡ್ತೀವಿ" ಎಂದರು ಕೆಲವರು.

ನಮಗೂ ಆಸೆಯಾಯಿತು. ಆಗ ಅಂದು ನಕ್ಕಿದ್ದ ಅಕ್ಕನೇ ಎದ್ದು ನಿಂತರು. "ಬರೆದಿದ್ದು ಬರೆದಂಗೇ ಆಗ್ಲಿ. ಬೆಟ್ಟ ಎಲ್ಲಿಗೂ ಓಡಿ ಹೋಗಲ್ಲ" ಎಂದರು.

ತಿರುಗಿದೆವು. ಇಳಿಯುವಾಗ ಮಂಡಿ ನೋವು ಇನ್ನೂ ಹೆಚ್ಚಾಯಿತು. ಇಬ್ಬರು ಎರಡು ಕಡೆ ಹಿಡಿದು ಇಳಿಸಿದರು. ಕೆಳಗೆ ಮುಟ್ಟಿದಾಗ ಐದೂವರೆ. ಆಸರೆಗೆಂದು ಇಟ್ಟ 2 ಗಂಟೆಯಲ್ಲಿ ಒಂದೂವರೆ ಗಂಟೆ ಖರ್ಚಾಗಿತ್ತು. ಒಂದು ಗಂಟೆ ಮೇಲೆ ಹತ್ತಿದ್ದರೆ ಇಳಿಯಲೂ ಇನ್ನೊಂದು ಗಂಟೆ ಬೇಕಿತ್ತು. ಕಗ್ಗತ್ತಲಲ್ಲಿ, ನೋಯುವ ಕಾಲಿನವರ ಜೊತೆ ಕಾಡಿನಲ್ಲಿ ಇರುತ್ತಿದ್ದೆವು.

ನಮ್ಮ ತಪ್ಪೂ ತಿಳಿಯಿತು. ಗಟ್ಟಿಗರ ನಡಿಗೆ ನೋಡಿ ಲೆಕ್ಕ ಹಾಕಿದ್ದೆವು. ಎಲ್ಲರಿಗಿಂತ ನಿಧಾನ ನಡೆಯುವವರ ನಡಿಗೆಯೇ ಗುಂಪಿನ ನಡಿಗೆ.

ಮುಂದಿನ ತಿಂಗಳು ಮತ್ತೆ ಹೊರಟೆವು. ಮಂಡಿ ನೋವಿನ ಅಕ್ಕ ಜೀಪಿನಲ್ಲಿ ಬಂದರು, ಜೊತೆಗೆ ಇಬ್ಬರು. ಜೀಪು ನಿಲ್ಲುವಲ್ಲಿ ಎಲ್ಲರೂ ಸೇರಿದೆವು. ಉಳಿದ ದಾರಿ ಅವರ ಹೆಜ್ಜೆಗೆ ನಮ್ಮ ಹೆಜ್ಜೆ ಸೇರಿಸಿದೆವು. 12 ಆಗುವ ಮುಂಚೆ 12 ಜನರೂ ಪೀಠದ ಮುಂದೆ ನಿಂತಿದ್ದೆವು. ದೂರದಲ್ಲಿ ಸಮುದ್ರ ಬೆಳ್ಳಿಯ ಗೆರೆಯಂತೆ ಹೊಳೆಯುತ್ತಿತ್ತು.

ಲೆಕ್ಕ ಮಾಡಿ, ಬರೆಯಿರಿ

1. ದಾರಿ 6 ಕಿಲೋಮೀಟರ್. ಗಂಟೆಗೆ 2 ಕಿಲೋಮೀಟರ್ ನಡೆದರೆ ಹತ್ತಲು ಎಷ್ಟು ಗಂಟೆ?
2. 12 ಜನರಿಗೆ 3 ಲೀಟರಿನಂತೆ ಒಟ್ಟು ಎಷ್ಟು ನೀರು?
3. ನಿಮ್ಮೂರಿನ ಹತ್ತಿರದ ಬೆಟ್ಟಕ್ಕೆ ಹೊರಟಿದ್ದೀರಿ. ಮನೆಯಲ್ಲಿ ಬಿಡುವ ಚೀಟಿ ಬರೆಯಿರಿ.