ಬಾಗಿದ ಅಂಚಿನ ಅಳತೆ

ಮೈಸೂರು ನಗರದಲ್ಲಿ, ಮಾನಸಗಂಗೋತ್ರಿಯ ಮಗ್ಗುಲಿಗೆ, ಕುಕ್ಕರಹಳ್ಳಿ ಕೆರೆ ಹರಡಿಕೊಂಡಿದೆ. ನಗರದ ಹೊರವಲಯದ ಹೊಲಗದ್ದೆಗಳಿಗೆ ನೀರೊದಗಿಸಲೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಇದನ್ನು ಕಟ್ಟಿಸಿದರು. ಯಾವ ಕೆರೆಯಲ್ಲಿ ಎಷ್ಟು ನೀರು ನಿಲ್ಲುವುದೆಂದು ತಿಳಿಯಲು ಆಳದೊಡನೆ ನೀರು ಹರಡುವ ವಿಸ್ತೀರ್ಣವೂ ಗೊತ್ತಿರಬೇಕು. ವಿಸ್ತೀರ್ಣವನ್ನು ಹೆಚ್ಚಾಗಿ ಎಣಿಸಿ ಅಚ್ಚುಕಟ್ಟನ್ನು ಹಿಗ್ಗಿಸಿದರೆ, ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪದೆ ಪೈರು ಒಣಗುತ್ತದೆ. ಒಂದು ಕುಟುಂಬದ ವರ್ಷದ ಅನ್ನ ಆ ಲೆಕ್ಕವನ್ನು ಅವಲಂಬಿಸಿರುತ್ತದೆ.

ಆಯತಾಕಾರದ ಹೊಲವಾದರೆ ಉದ್ದವನ್ನು ಅಗಲದಿಂದ ಗುಣಿಸಿದರೆ ಸಾಕು. ಆದರೆ ಕೆರೆಯ ದಂಡೆ ಯಾವ ಸೂತ್ರಕ್ಕೂ ಒಳಪಡದು. ಭೂಮಾಪಕರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅವರು ನೇರವಾದ ಆಧಾರರೇಖೆಯೊಂದನ್ನು ಹಾಕಿ, ಅದರಿಂದ ದಂಡೆಯವರೆಗಿನ ಲಂಬಗಳನ್ನು ಸಮಾನ ಅಂತರಗಳಲ್ಲಿ ಅಳೆಯುತ್ತಾರೆ. ಆಗ ಇಡೀ ಕ್ಷೇತ್ರವು ಪಟ್ಟಿಗಳಾಗಿ ವಿಭಾಗವಾಗುತ್ತದೆ. ಪಟ್ಟಿ ಕಿರಿದಾದಷ್ಟೂ ಅದರ ಬಾಗಿದ ತುದಿ ನೇರರೇಖೆಗೆ ಸಮೀಪವಾಗುತ್ತದೆ. ಪಟ್ಟಿಗಳನ್ನೆಲ್ಲ ಕೂಡಿದರೆ ವಿಸ್ತೀರ್ಣ ದೊರೆಯುತ್ತದೆ.

ಈ ಮೊತ್ತವನ್ನು ಎಷ್ಟರಮಟ್ಟಿಗೆ ನಂಬಬಹುದು? ಸರಳವಾದ ಒಂದು ವಕ್ರರೇಖೆಯಿಂದ ಇದನ್ನು ಪರೀಕ್ಷಿಸಬಹುದು. ಆಧಾರರೇಖೆ 0ಯಿಂದ 1ರವರೆಗೆ ಇರಲಿ. ಪ್ರತಿ ಬಿಂದುವಿನಲ್ಲೂ ವಕ್ರರೇಖೆಯ ಎತ್ತರವು ದೂರದ ವರ್ಗಕ್ಕೆ ಸಮವಾಗಿರಲಿ. ದೂರ 0.5 ಆದಲ್ಲಿ ಎತ್ತರ 0.25. ಆಧಾರವನ್ನು 10 ಸಮಭಾಗ ಮಾಡಿ, ರೇಖೆಯ ಕೆಳಗೇ ಅಡಗುವ ಆಯತಗಳನ್ನು ಕೂಡಿದರೆ 0.285 ಬರುತ್ತದೆ, ರೇಖೆಯನ್ನು ಮೀರುವ ಆಯತಗಳನ್ನು ಕೂಡಿದರೆ 0.385. ನಿಜವಾದ ವಿಸ್ತೀರ್ಣ ಇವೆರಡರ ನಡುವೆ ಇದೆ. 100 ಭಾಗ ಮಾಡಿದರೆ ಈ ಮೊತ್ತಗಳು 0.32835 ಮತ್ತು 0.33835 ಆಗುತ್ತವೆ. ಭಾಗಗಳು ಹೆಚ್ಚಿದಂತೆ ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಎರಡೂ ಮೂರನೆಯ ಒಂದು ಭಾಗವನ್ನೇ ಸಮೀಪಿಸುತ್ತವೆ. ಅದೇ ನಿಖರವಾದ ವಿಸ್ತೀರ್ಣ. ಹೀಗೆ ಅದನ್ನು ಪಡೆಯುವ ಕ್ರಮಕ್ಕೆ ಅನುಕಲನ ಎಂದು ಹೆಸರು.

ಈ ವಿಚಾರ ಒಬ್ಬರಿಂದ ಹುಟ್ಟಿದುದಲ್ಲ. ಕ್ರಿ.ಪೂ. 3ನೆಯ ಶತಮಾನದಲ್ಲಿ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನು ಪರವಲಯದ ವಿಸ್ತೀರ್ಣವನ್ನು ತ್ರಿಕೋನಗಳಿಂದ ತುಂಬಿಸಿ ಕಂಡುಹಿಡಿದನು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರದ ಲೆಕ್ಕವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡಾಗಿ ವಿಂಗಡಿಸಿದರು. ಮೊದಲನೆಯದು ದಿನಬಳಕೆಯ ಅಂದಾಜು, ಎರಡನೆಯದು ನಿಖರತೆಯ ಹುಡುಕಾಟ. 17ನೆಯ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್, ವಿಸ್ತೀರ್ಣ ಬೆಳೆಯುವ ವೇಗವು ಆಯಾ ಬಿಂದುವಿನ ಎತ್ತರವೇ ಎಂಬ ಸಂಬಂಧವನ್ನು ವ್ಯಾಪಕವಾದ ವಿಧಾನವಾಗಿ ರೂಪಿಸಿದರು. ಅದರಿಂದ ಸೂತ್ರವುಳ್ಳ ಅನೇಕ ರೇಖೆಗಳಿಗೆ ಸಾವಿರ ಪಟ್ಟಿಗಳನ್ನು ಕೂಡುವ ಶ್ರಮ ತಪ್ಪಿತು.

ಕೆರೆಯ ದಂಡೆಗೆ ಇಂದಿಗೂ ಸೂತ್ರವಿಲ್ಲ. ಉಪಗ್ರಹದ ಚಿತ್ರದಲ್ಲಿ ಕೆರೆಯನ್ನು ಅಳೆಯುವ ಗಣಕಯಂತ್ರವೂ ಅದನ್ನು ಸಣ್ಣ ಚೌಕಗಳಾಗಿ ಒಡೆದು ಎಣಿಸುತ್ತದೆ. ದೊಡ್ಡದನ್ನು ಅಳೆಯಲಾಗದಿದ್ದಾಗ ಕಿರಿದಾಗಿ ಒಡೆದು, ಪ್ರತಿಯೊಂದನ್ನೂ ಪ್ರಾಮಾಣಿಕವಾಗಿ ಅಳೆದು, ಮತ್ತೆ ಕೂಡಿಸುವುದೇ ಅನುಕಲನದ ತಿರುಳು.