ಲೈಂಗಿಕ ಸೋಂಕು: ಮಾದರಿ ನೀವೇ ತೆಗೆಯಿರಿ, ಮದ್ದು ವೈದ್ಯರೇ ಕೊಡಲಿ

ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ. ಆಸ್ಪತ್ರೆಗೆ ಹೋಗಿಬಂದರೆ ಒಂದು ದಿನದ ಸಂಬಳ ಹೋದಂತೆಯೇ. ಸರದಿಯಲ್ಲಿ ಪಕ್ಕದ ತೋಟದವರು ಸಿಕ್ಕಿ ‘ಏನಾಯ್ತು?’ ಎಂದರೆ ಹೇಳುವುದೇನು ಎಂಬ ಅಳುಕು ಬೇರೆ. ಹೀಗಾಗಿಯೇ ಎಷ್ಟೋ ಯುವಕ ಯುವತಿಯರು ಲೈಂಗಿಕ ಸೋಂಕಿನ ಪರೀಕ್ಷೆಯನ್ನು ಮುಂದೂಡುತ್ತಾರೆ. ಆದರೆ ಕ್ಲಮೈಡಿಯಾ, ಗೊನೋರಿಯಾ ಸೋಂಕುಗಳು ಅನೇಕರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಲಕ್ಷಣವನ್ನೇ ತೋರಿಸುವುದಿಲ್ಲ. ಹಾಗೇ ಬಿಟ್ಟರೆ ಅಂಡನಾಳಕ್ಕೆ ಹಾನಿಯಾಗಿ ಮುಂದೆ ಮಕ್ಕಳಾಗುವುದೇ ಕಷ್ಟವಾಗಬಹುದು.

ಮನೆಯಲ್ಲೇ ಮಾದರಿ ತೆಗೆದು ಲ್ಯಾಬ್‌ಗೆ ಕಳುಹಿಸುವ ಕಿಟ್ ಈ ಅಳುಕಿಗೆ ಒಂದು ಪರಿಹಾರ. ಸರಿಯಾಗಿ ತೆಗೆದ ಮಾದರಿಯಾದರೆ ಫಲಿತಾಂಶವೂ ನಂಬಲರ್ಹ. ಮೈಸೂರು ಭಾಗದ ಹಳ್ಳಿಗಳ ಮಹಿಳೆಯರು ತಾವೇ ಮಾದರಿ ತೆಗೆದು, ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್‌ನ ಪರೀಕ್ಷೆಗೆ ಕೊಟ್ಟ ಅಧ್ಯಯನವೂ ನಡೆದಿದೆ.

1. ಕಿಟ್ ಯಾರಿಗಲ್ಲ?
ಉರಿಮೂತ್ರ, ಹುಣ್ಣು, ಕೀವು, ವಾಸನೆಯ ಬಿಳಿಸೆರಗು ಇದ್ದರೆ ಕಿಟ್‌ಗೆ ಕಾಯದೆ ವೈದ್ಯರನ್ನು ಕಾಣಿ. ಜ್ವರದ ಜೊತೆ ಕಿಬ್ಬೊಟ್ಟೆ ನೋವಿದ್ದರೆ ಅಂದೇ ಹೋಗಿ. ಎಚ್‌ಐವಿ ತಗುಲಿರಬಹುದೆಂಬ ಭಯವಿದ್ದರೆ ತಡೆ ಔಷಧವನ್ನು ಸಂಪರ್ಕವಾದ 72 ಗಂಟೆಯೊಳಗೆ ಶುರು ಮಾಡಬೇಕು, ಕಿಟ್‌ಗೆ ಕಾಯಬೇಡಿ. ಗರ್ಭಿಣಿಯರು ಮೊದಲು ವೈದ್ಯರ ಸಲಹೆ ಪಡೆಯಲಿ. 18 ತುಂಬದವರು ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಿರುವ ‘ಸ್ನೇಹ ಕ್ಲಿನಿಕ್’ನ ಆಪ್ತಸಮಾಲೋಚಕರೊಡನೆ ಮಾತಾಡುವುದು ಒಳ್ಳೆಯದು.

2. ಕಿಟ್ ಆರಿಸುವಾಗ
ಮಾದರಿ ಪರೀಕ್ಷಿಸುವ ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟಕ್ಕೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ನೋಡಿ. ಯಾವ ಸೋಂಕಿನ ಪರೀಕ್ಷೆ ಎಂಬುದನ್ನು ಓದಿ. ಮೂತ್ರದ ಮಾದರಿಯಲ್ಲಿ ಕ್ಲಮೈಡಿಯಾ, ಗೊನೋರಿಯಾ ತಿಳಿಯುತ್ತದೆ. ಸಿಫಿಲಿಸ್‌ಗೆ ರಕ್ತಪರೀಕ್ಷೆಯೇ ಬೇಕು. ವರದಿ ಬರುವ ಮೊಬೈಲ್ ನಂಬರ್ ನಿಮ್ಮದೇ ಇರಲಿ.

3. ಯಾವಾಗ ಮಾಡಬೇಕು?
ಸಂಪರ್ಕವಾದ ಮರುದಿನವೇ ಮಾಡಿದರೆ ಸೋಂಕು ಕಾಣದಿರಬಹುದು. ಕ್ಲಮೈಡಿಯಾ, ಗೊನೋರಿಯಾಕ್ಕೆ ಎರಡು ವಾರ ಬಿಡಿ. ಎಚ್‌ಐವಿ, ಸಿಫಿಲಿಸ್ ಖಚಿತವಾಗಲು ಮೂರು ತಿಂಗಳವರೆಗೂ ಬೇಕಾಗಬಹುದು.

4. ಮಾದರಿ ತೆಗೆಯುವುದು
ತೋಟದ ಕಾರ್ಮಿಕರ ಲೈನ್ ಮನೆಯ ಬಚ್ಚಲು ಹಲವರಿಗೆ ಒಂದೇ ಇರುತ್ತದೆ. ಯಾರೂ ಬಾಗಿಲು ಬಡಿಯದ ಹೊತ್ತು ನೋಡಿಕೊಳ್ಳಿ. ಕೈ ಸೋಪಿನಲ್ಲಿ ತೊಳೆದು ಒಣಗಿಸಿ.

ಗಂಡಸರು: ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಮೊದಲು ಬರುವ ಮೂತ್ರವನ್ನೇ ಹಿಡಿಯಿರಿ. ಮೂತ್ರನಾಳದ ಸೋಂಕಿನ ಪರೀಕ್ಷೆಯಂತೆ ನಡುವಿನದನ್ನು ಹಿಡಿಯಬೇಡಿ. ಮೊದಲ 20–30 ಮಿ.ಲೀ. ಸಾಕು.

ಹೆಂಗಸರು: ಮೂತ್ರಕ್ಕಿಂತ ಯೋನಿಯ ಸ್ವಾಬ್ ಉತ್ತಮ. ಕಡ್ಡಿಯ ತುದಿ ಮುಟ್ಟದೆ, ಸುಮಾರು ಎರಡು ಇಂಚು ಒಳಗಿಟ್ಟು, 10ರಿಂದ 30 ಸೆಕೆಂಡ್ ನಿಧಾನವಾಗಿ ತಿರುಗಿಸಿ. ಟ್ಯೂಬಿಗೆ ಇಳಿಸಿ, ಗೆರೆ ಇರುವಲ್ಲಿ ಕಡ್ಡಿ ಮುರಿದು ಮುಚ್ಚಳ ಬಿಗಿಯಿರಿ. ಟ್ಯೂಬಿನೊಳಗಿನ ದ್ರವ ಚೆಲ್ಲಿದರೆ ಆ ಕಿಟ್ ಬಳಸಬೇಡಿ.

5. ಕಳುಹಿಸುವುದು
ಲೇಬಲ್ ಮೇಲೆ ಹೆಸರು, ದಿನಾಂಕ, ಸಮಯ ಬರೆಯಿರಿ. ಮಳೆಗಾಲದಲ್ಲಿ ಮರ ಬಿದ್ದೋ ಗುಡ್ಡ ಕುಸಿದೋ ರಸ್ತೆ ಕಟ್ಟಿದರೆ ಕೊರಿಯರ್ ತಡವಾಗುತ್ತದೆ. ಪೆಟ್ಟಿಗೆ ಹೊರಡುವ ದಿನ ಬೆಳಿಗ್ಗೆಯೇ ಮಾದರಿ ತೆಗೆಯಿರಿ, ಶನಿವಾರ ಬೇಡ.

6. ವರದಿ ಬಂದ ಮೇಲೆ
ಪಾಸಿಟಿವ್ ಬಂದರೆ ಹೆದರಬೇಡಿ. ಕ್ಲಮೈಡಿಯಾ, ಗೊನೋರಿಯಾ, ಸಿಫಿಲಿಸ್ ವಾಸಿಯಾಗುವ ಕಾಯಿಲೆಗಳು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ನುಂಗಬೇಡಿ. ಗೊನೋರಿಯಾ ಹಳೆಯ ಆಂಟಿಬಯಾಟಿಕ್‌ಗಳಿಗೆ ಬಗ್ಗುತ್ತಿಲ್ಲ. ಲೈಂಗಿಕ ಸೋಂಕಿಗೆ ಚಿಕಿತ್ಸೆ ಕೊಡುವ ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ವರದಿ ತೋರಿಸಿ. ಸಂಗಾತಿಗೂ ಚಿಕಿತ್ಸೆಯಾಗಲಿ, ಇಲ್ಲವಾದರೆ ಸೋಂಕು ಮರಳುತ್ತದೆ. ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷಿಸಿ. ನೆಗೆಟಿವ್ ಬಂದರೂ ಕಾಂಡೋಮ್ ಬಿಡಬೇಡಿ.

ಸರ್ಕಾರದ ಆಪ್ತಸಮಾಲೋಚನೆ ಮತ್ತು ಪರೀಕ್ಷಾ (ಐಸಿಟಿಸಿ) ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. 2017ರ ಎಚ್‌ಐವಿ ಕಾಯ್ದೆಯಂತೆ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು. ಕೇಳಲು ಸಂಕೋಚವಾದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಕರೆಗೆ ಹಣವಿಲ್ಲ. ನಾಚಿಕೆಗೆ ಅಂಜಿ ಚಿಕಿತ್ಸೆ ತಪ್ಪಿಸಿಕೊಳ್ಳಬೇಡಿ.